ಹೆಂಚು ಕಾರ್ಖಾನೆಗೆ ಒಬ್ಬ ಹೆಂಗಸನ್ನು ಕಳುಹಿಸಿ

ಮಂಗಳೂರು, 1926

ಮಾನ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಸಾಹೇಬರೇ,

ಕಳೆದ ತಿಂಗಳು ನೇತ್ರಾವತಿ ದಡದ ನಮ್ಮ ಹೆಂಚು ಕಾರ್ಖಾನೆಗೆ ಬಂದು, ಹೆಣ್ಣಾಳುಗಳಿಗೆ ಯಾವ ತೊಂದರೆಯೂ ಇಲ್ಲವೆಂದು ಬರೆದುಕೊಂಡು ಹೋದಿರಿ. ಅದು ಸುಳ್ಳು. ಹೇಳಿದವರು ಬೇರೆ, ಸಹಿ ತಮ್ಮದು.

ತಾವು ಮಾತನಾಡಿಸಿದವಳು ನನ್ನ ಗಂಡನ ತಂಗಿ ಮೋಹಿನಿ. ಹಸಿ ಹೆಂಚುಗಳನ್ನು ತಲೆಯ ಮೇಲೆ ಹೊತ್ತು ಒಣಗಿಸುವ ಅಟ್ಟಕ್ಕೆ ಏರಿಸುವುದು ನಮ್ಮಿಬ್ಬರ ಕೆಲಸ. ತುಂಬು ಬಸುರಿಯಾಗಿದ್ದಾಗಲೂ ಅವಳು ಹೊತ್ತಳು. ಒಂದು ದಿನ ಏಣಿಯಿಂದ ಜಾರಿ ಬಿದ್ದಳು. ಕೂಸು ಉಳಿಯಲಿಲ್ಲ. ವಾರ ಕಳೆಯುವ ಮೊದಲೇ ಮೇಸ್ತ್ರಿಯಿಂದ ಮಾತು ಬಂತು: "ಅವಳು ಬರುವುದಿಲ್ಲವಾದರೆ ಬೇರೆಯವರು ಉಂಟು." ಅವಳು ಎದ್ದು ಬಂದಳು. ಆಗಲೇ ತಾವೂ ಬಂದದ್ದು.

ತಾವು ಇಂಗ್ಲಿಷಿನಲ್ಲಿ ಕೇಳಿದಿರಿ. ಮ್ಯಾನೇಜರರ ಪಕ್ಕದಲ್ಲಿದ್ದ, ಲೆಕ್ಕ ಬರೆಯುವ ರೈಟರು ಅದನ್ನು ತುಳುವಿಗೆ ತಿರುಗಿಸಿದರು: "ನಿನಗೆ ಎಂತ ಕಷ್ಟ ಉಂಟು?"

"ಬಿದ್ದ ಮೇಲೆ ರಕ್ತ ನಿಂತೇ ಇಲ್ಲ. ಏಣಿ ಹತ್ತಲಿಕ್ಕೆ ಆಗುವುದಿಲ್ಲ" ಎಂದಳು ಮೋಹಿನಿ, ತುಳುವಿನಲ್ಲೇ. "ಇಷ್ಟು ಗಂಡಸರ ಎದುರು ಮತ್ತೆಂತ ಹೇಳುವುದು?"

ಈಕೆಗೆ ಕೆಲಸ ಬಹಳ ಇಷ್ಟವಂತೆ ಎಂದು ರೈಟರು ತಮಗೆ ಹೇಳಿದರು.

ಮಿಶನ್ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷ್ ಅಲ್ಪವಾದರೂ ಅಷ್ಟು ತಿಳಿಯಿತು. "ನೋ ಸಾರ್, ಅವಳು ಹಾಗೆ ಹೇಳಲಿಲ್ಲ" ಎಂದೆ. ತಾವು ತಿರುಗಿ ನೋಡಿದಿರಿ. ಮ್ಯಾನೇಜರರು ನಕ್ಕು ತಮ್ಮನ್ನು ಚಹಾಕ್ಕೆ ಕರೆದೊಯ್ದರು. ಚಹಾ ಚೆನ್ನಾಗಿತ್ತೇ?

ಮರುದಿನ ಗೇಟಿನಲ್ಲಿ ನಮ್ಮಿಬ್ಬರನ್ನೂ ತಡೆದರು. ನಮ್ಮೊಂದಿಗೆ ಹೆಂಚು ಹೊರುವ ಸುಂದರಿ, "ಇವರು ಹೊರಗಾದರೆ ನಾವೂ ಹೊರಗೆ" ಎಂದು ಅಲ್ಲೇ ಕುಳಿತಳು. ಹೆಣ್ಣಾಳುಗಳೆಲ್ಲ ಕುಳಿತರು. ಒಳಗೆ ಹಸಿ ಹೆಂಚು ಎತ್ತುವವರಿಲ್ಲದೆ ರಾಶಿ ಬಿತ್ತು. ಮಧ್ಯಾಹ್ನ ಮೋಹಿನಿಯನ್ನು ಕರೆದು ಕೆಳಗಿನ ಹಗುರ ಕೆಲಸಕ್ಕೆ ಹಾಕಿದರು. ನನ್ನನ್ನು ಸೇರಿಸಲಿಲ್ಲ. ಉಳಿದವರು ಏಳಲು ಒಪ್ಪದಿದ್ದಾಗ, "ನಿಮ್ಮ ಮನೆಯಲ್ಲಿ ಒಲೆ ಉರಿಯಬೇಕಲ್ಲ, ಹೋಗಿ" ಎಂದು ನಾನೇ ಕಳುಹಿಸಿದೆ. ಆದರೆ ತಮ್ಮೆದುರು ಆಡಿದ ಮಾತಿಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಮಹಾಯುದ್ಧದ ನಂತರದ ಶಾಂತಿ ಒಪ್ಪಂದದಲ್ಲಿ, ದುಡಿಮೆಯನ್ನು ಬರಿಯ ಮಾರಾಟದ ಸರಕೆಂದು ಎಣಿಸಕೂಡದೆಂದೂ, ಕಾರ್ಖಾನೆಗಳ ತನಿಖೆಯಲ್ಲಿ ಹೆಂಗಸರೂ ಇರಬೇಕೆಂದೂ ಬರೆದಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಹಿಂದೂಸ್ಥಾನದ ಪರವಾಗಿಯೂ ಅದಕ್ಕೆ ರುಜು ಬಿದ್ದಿದೆ. ಹೆರಿಗೆಯಾದ ಮೇಲೆ ಆರು ವಾರ ಹೆಂಗಸಿಗೆ ಕೆಲಸ ಕೊಡಬಾರದೆಂದು, ಆ ಒಪ್ಪಂದದಂತೆ ವಾಷಿಂಗ್ಟನ್ನಿನಲ್ಲಿ ಕೂಡಿದ ಕಾರ್ಮಿಕ ಸಭೆಯಲ್ಲಿ ಗೊತ್ತುಮಾಡಿದರು. ಇದನ್ನೆಲ್ಲ ನೋಡಿಕೊಳ್ಳಲು ಜಿನೀವಾದಲ್ಲಿ ಕಚೇರಿಯೇ ಇದೆ. ಅಲ್ಲಿಗೆ ಪ್ರತಿನಿಧಿಗಳನ್ನು ಕಳುಹಿಸಬಲ್ಲ ಸರಕಾರಕ್ಕೆ ಮಂಗಳೂರಿನ ಏಣಿಯೊಂದು ದೂರವಾಯಿತೇ?

ಮತ್ತೆ ಬನ್ನಿ, ಮುಂದಾಗಿ ತಿಳಿಸದೆ ಬನ್ನಿ. ತುಳು ಬಲ್ಲ ಹೆಂಗಸೊಬ್ಬಳನ್ನು ಅಧಿಕಾರಿಯಾಗಿ ನೇಮಿಸಿ. ಮ್ಯಾನೇಜರರಿಲ್ಲದ ಕಡೆ ಅವಳು ನಮ್ಮನ್ನು ಕೇಳಲಿ. ಬಸುರಿ ಬಾಣಂತಿಯರಿಂದ ಹೆಂಚು ಹೊರಿಸಕೂಡದೆಂದು ಆಜ್ಞೆ ಮಾಡಿ. ಅಲ್ಲಿಯ ತನಕ ತಮ್ಮ ವರದಿಯನ್ನು ನಾವು ಒಪ್ಪುವುದಿಲ್ಲ.

ಇಂತಿ,
ಕೆಲಸ ಹೋದರೂ ಬಾಯಿ ಹೋಗದ
ಗುಣವತಿ