ಆರನೇ ಪಾಠದ ತಪ್ಪು

ಅಕ್ಟೋಬರ್ 14, ಮಂಗಳವಾರ

ಹನ್ನೊಂದು ವರ್ಷದಿಂದ ಒಂದು ತಪ್ಪು ಪಾಠ ಹೇಳಿಕೊಂಡು ಬಂದಿದ್ದೇನೆ ಎಂದು ಇವತ್ತು ಗೊತ್ತಾಯಿತು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿನಿಯೊಬ್ಬರು ಮಧ್ಯಾಹ್ನ ಪರೀಕ್ಷೆಯ ಅರ್ಜಿ ಹಿಡಿದು ಬಂದರು. ಪಾಳಿಯ ಕೆಲಸ. ತರಗತಿಗೆ ಬಂದದ್ದು ಎರಡೇ ಸಲ, ಉಳಿದ ಸಂಖ್ಯಾಶಾಸ್ತ್ರವನ್ನೆಲ್ಲ ನನ್ನ ರೆಕಾರ್ಡಿಂಗ್ ಕೇಳಿಯೇ ಕಲಿತವರು. ತರಗತಿಗೆ ಬಾರದೆ ರೆಕಾರ್ಡಿಂಗ್ ಕೇಳಿ ಪರೀಕ್ಷೆ ಬರೆಯುವ ಈ ಪದ್ಧತಿಯೇ ಬೇಡ ಎಂದು ಅಧ್ಯಾಪಕರ ಸಭೆಯಲ್ಲಿ ಹಟ ಹಿಡಿದಿದ್ದವನು ನಾನು. ಅರ್ಜಿಗೆ ಸಹಿ ಮಾಡುವುದಿಲ್ಲ ಎಂದೇ ಕೂತಿದ್ದೆ.

"ಆರನೇ ಪಾಠ ನಾಲ್ಕು ಸಲ ಕೇಳಿದೆ ಸರ್," ಎಂದರು. "ನೂರಕ್ಕೆ ತೊಂಬತ್ತು ಸಲ ಸರಿ ಹೇಳೋ ಟೆಸ್ಟು ಕಾಯಿಲೆ ಇದೆ ಅಂದ್ರೆ, ಕಾಯಿಲೆ ಇರೋ ಸಾಧ್ಯತೆನೂ ನೂರಕ್ಕೆ ತೊಂಬತ್ತು ಅಂದಿದ್ದೀರಿ. ನಮ್ಮ ಲ್ಯಾಬಲ್ಲಿ ಹಾಗಾಗಲ್ಲ. ಸಾವಿರ ಜನರಲ್ಲಿ ಹತ್ತೇ ಜನಕ್ಕೆ ಕಾಯಿಲೆ ಇದ್ರೆ, ಅವರಲ್ಲಿ ಒಂಬತ್ತು ಜನ ಸಿಕ್ತಾರೆ. ಏನೂ ಇಲ್ಲದ ಒಂಬೈನೂರ ತೊಂಬತ್ತರಲ್ಲಿ ತೊಂಬತ್ತೊಂಬತ್ತು ಜನಕ್ಕೂ ಇದೆ ಅಂತ ಬಂದು ಸುಮ್ಮನೆ ಹೆದರಿಕೊಳ್ತಾರೆ."

ಲೆಕ್ಕ ಹಾಕಿ ನೋಡಿದೆ, ಅವರು ಹೇಳಿದ್ದೇ ಸರಿ. ಇದೆ ಎಂದು ಬಂದ ನೂರೆಂಟು ಜನರಲ್ಲಿ ನಿಜವಾಗಿ ಕಾಯಿಲೆ ಇರುವುದು ಒಂಬತ್ತೇ ಜನಕ್ಕೆ. ತರಗತಿಯಲ್ಲಿ ಎದುರಿಗೆ ಕೂತವರು ಯಾರೂ ಇಷ್ಟು ವರ್ಷ ನನ್ನನ್ನು ತಡೆದಿರಲಿಲ್ಲ. ನಾನು ಹೇಳಿದ್ದೇ ವೇದವಾಕ್ಯ ಎಂದು ಬರೆದುಕೊಂಡರು, ಪರೀಕ್ಷೆಯಲ್ಲೂ ಅದನ್ನೇ ಬರೆದರು, ನಾನು ಅಂಕ ಕೊಟ್ಟೆ.

"ನಾನೇ ತಪ್ಪು ತಿಳ್ಕೊಂಡಿದೀನೇನೋ ಅಂತ ಕೇಳಿದೆ ಅಷ್ಟೆ," ಎಂದರು.

"ಇಲ್ಲಮ್ಮ, ತಪ್ಪು ನನ್ನದೇ," ಎಂದೆ. ಸಹಿ ಮಾಡಿ ಕೊಟ್ಟೆ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ತಪ್ಪಾಗಿದ್ದಕ್ಕೆ ಬೇಜಾರೋ, ಕ್ಲಾಸಿಗೆ ಬರದವರು ಅದನ್ನ ಹಿಡಿದಿದ್ದಕ್ಕೋ?" ಎಂದು ಕೇಳಿದಳು. ಎರಡನೆಯದೇ. ಅವಳಿಗೆ, ಸಾರು ಬಡಿಸು ಎಂದೆ.

ನಾಳೆ ಮೊದಲ ಪೀರಿಯಡ್ಡಿನಲ್ಲೇ ತಿದ್ದಿ ಹೇಳುತ್ತೇನೆ. ಆದರೆ ಪಾಸಾಗಿ ಹೋದವರಲ್ಲಿ ಯಾರೋ ಒಬ್ಬರು ಎಲ್ಲೋ ಒಂದು ರಿಪೋರ್ಟು ಹಿಡಿದುಕೊಂಡು, ನನ್ನ ಲೆಕ್ಕವನ್ನೇ ನಂಬಿ ಕೂತಿದ್ದರೆ, ಅವರಿಗೆ ಯಾರು ತಿದ್ದಿ ಹೇಳುತ್ತಾರೆ?