ಪುರಭವನದಲ್ಲಿ ಇಲ್ಲದಿದ್ದ ಮೂರು ಮೆಟ್ಟಿಲು

ಮೂರು ಮೆಟ್ಟಿಲು ಹತ್ತಿ ಕೂತಿರುವ ಮೇಯರ್ ಸಾಹೇಬರೇ,

ನನಗೆ ಮದುವೆಯಾಯಿತು! ಇಪ್ಪತ್ತಾರು ದಿನವಾದರೂ ಯಾರು ಸಿಕ್ಕರೂ ಮೊದಲು ಬಾಯಿಗೆ ಬರುವುದು ಈ ಸುದ್ದಿಯೇ. ತರಕಾರಿಯವರಿಗೆ ಹೇಳಿದ್ದೇನೆ, ಬಸ್ ಕಂಡಕ್ಟರಿಗೆ ಹೇಳಿದ್ದೇನೆ, ಹಲ್ಲು ಕೀಳುತ್ತಿದ್ದ ಡಾಕ್ಟರಿಗೆ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ್ದೇನೆ. ನಿಮಗೆ ಹೇಳದಿದ್ದರೆ ಹೇಗೆ? ನಾವು ಸಹಿ ಹಾಕಿದ್ದು ನಿಮ್ಮ ಪುರಭವನದಲ್ಲೇ. ಇನ್ನು ಎರಡನೆಯ ಸುದ್ದಿ. ಅದೇ ಪುರಭವನದ ಸಭಾಂಗಣದಲ್ಲಿ ಐವತ್ತೊಂದು ವರ್ಷದ ಹಿಂದೆ, ಹಾಡುಹಗಲಲ್ಲಿ, ಸಭೆ ನಡೆಯುತ್ತಿದ್ದಾಗಲೇ ಒಬ್ಬ ಸದಸ್ಯರನ್ನು ಹೊಡೆದು ಕೊಂದರು. ಸತ್ತವರು ನನ್ನ ಗಂಡನ ತಾತ. ಕೊಂದವರು ಆಗಿನ ಮೇಯರ್. ಆ ಮೇಯರರ ಕಂಚಿನ ಪ್ರತಿಮೆಯನ್ನು ಬರುವ ಬುಧವಾರ, ನಗರಸಭೆಗೆ ನೂರು ತುಂಬುವ ಸಮಾರಂಭದಲ್ಲಿ, ನೀವು ಅನಾವರಣ ಮಾಡಲಿದ್ದೀರಿ. ಮಾಡಬೇಡಿ ಎಂದು ಹೇಳುವುದಕ್ಕೇ ಈ ಪತ್ರ.

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ‘ಠರಾವು’, ‘ನಡಾವಳಿ’ ಎಂಬ ಮಾತುಗಳು ಮೊನ್ನೆಯವರೆಗೆ ನನಗೆ ಗೊತ್ತಿರಲಿಲ್ಲ. ಕಾಗುಣಿತವನ್ನು ನಾದಿನಿ ತಿದ್ದಿದ್ದಾಳೆ. ಸಿಟ್ಟನ್ನೂ ಸ್ವಲ್ಪ ತಿದ್ದುತ್ತೇನೆಂದಳು, ಅದಕ್ಕೆ ಬಿಡಲಿಲ್ಲ.

ಮದುವೆ ನೋಂದಾಯಿಸಿದವರಿಗೆಲ್ಲ ನೀವು ಪ್ರಮಾಣಪತ್ರದ ಜೊತೆ ಶತಮಾನದ ಸ್ಮರಣ ಸಂಚಿಕೆಯೊಂದನ್ನು ಉಡುಗೊರೆಯಾಗಿ ಕೊಡುತ್ತೀರಿ. ಬಹುಶಃ ಅದನ್ನು ಪೂರ್ತಿ ಓದಿದ ಮೊದಲ ಮದುಮಗಳು ನಾನೇ. ಮೂವತ್ತೊಂದು ಮೇಯರ್‌ಗಳು, ಫೋಟೊಗಳಲ್ಲಿ ಮೂವತ್ತೊಂದು ಜನರೂ ನಗುತ್ತಿದ್ದಾರೆ. ಸಭಾಂಗಣದ ಕುರ್ಚಿಗಳನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿರುವುದು ‘ಆಡಳಿತದ ಸ್ಥಿರತೆಯ ಸಂಕೇತ’ವಂತೆ. ಕೊಡೆ, ಊರುಗೋಲುಗಳನ್ನು ಬಾಗಿಲಲ್ಲೇ ಬಿಟ್ಟು ಬರುವುದು ‘ನಮ್ಮ ಸದಸ್ಯರ ವಿನಯ’ವಂತೆ. ಓದುವಾಗ ನನಗೂ ಕಣ್ಣು ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ. ಎಂಥ ಊರಿಗೆ ಸೊಸೆಯಾಗಿ ಬಂದೆನಪ್ಪ ಎಂದುಕೊಂಡೆ! ಏಳನೆಯ ಮೇಯರರ ಕಾಲದಲ್ಲಿ ಒಂದು ಕುರ್ಚಿ ಹಾರಿ ಬಂದು ಉಪಮೇಯರರ ಮುಂದಿನ ನಾಲ್ಕು ಹಲ್ಲು ಉದುರಿಸಿತ್ತು, ಆಮೇಲೆ ಬಂತು ಬೋಲ್ಟು, ಎಂದು ಆಗ ನನಗೆ ಗೊತ್ತಿರಲಿಲ್ಲ. ಒಂಬತ್ತನೆಯವರ ಆಯ್ಕೆಯ ದಿನ ಕೊಡೆಯ ಮೊನೆ ಒಬ್ಬ ಸದಸ್ಯರ ಕಣ್ಣೊಳಗೆ ಇಳಿಯಿತು, ಆಮೇಲೆ ಬಂತು ವಿನಯ. ಗಾಯಕ್ಕೆ ಸುತ್ತಿದ ಬ್ಯಾಂಡೇಜನ್ನೇ ಒಡವೆ ಎಂದು ತೋರಿಸುವ ಊರು ಇನ್ನೊಂದಿದೆಯೇ, ಸಾಹೇಬರೇ?

ಇನ್ನು ಮೂರು ಮೆಟ್ಟಿಲು. ನಿಮ್ಮ ಪೀಠ ಇರುವ ಕಟ್ಟೆಗೆ ಹತ್ತುವ ಮೆಟ್ಟಿಲುಗಳು. ಸಂಚಿಕೆಯ ಪ್ರಕಾರ ಒಂದು ಸತ್ಯ, ಒಂದು ಸಹನೆ, ಒಂದು ಸೇವೆ. ಹೊಸ ಮೇಯರ್ ಅವುಗಳನ್ನು ಹತ್ತಿ ಪ್ರಮಾಣ ಮಾಡುತ್ತಾರೆ. ಸಭೆ ಇಲ್ಲದ ದಿನ ಹೊಸ ದಂಪತಿಗಳು ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ನನ್ನವರು ಮೂರನೆಯದರ ಮೇಲೆ, ನಾನು ಎರಡನೆಯದರ ಮೇಲೆ, ಮನೆಯವರೆಲ್ಲ ಸುತ್ತಮುತ್ತ. ನನ್ನವರ ಅಜ್ಜಿ ಮಾತ್ರ ಕೆಳಗೆ ನೆಲದ ಮೇಲೆ ನಿಂತಿದ್ದರು.

“ಅಜ್ಜೀ, ಮೇಲೆ ಬನ್ನಿ, ಫ್ರೇಮಿಗೆ ಬರ್ತಿಲ್ಲ ನೀವು,” ಎಂದರು ಫೋಟೊದವರು.

“ಇಲ್ದೇ ಇರೋ ಮೆಟ್ಟಿಲನ್ನ ಹೇಗಪ್ಪ ಹತ್ತೋದು?” ಎಂದರು ಅಜ್ಜಿ.

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ನನ್ನ ಕಿವಿಯಲ್ಲಿ, “ಅದು ಹಾಗೇನೇ ಮಗಳೇ, ಪುರಭವನಕ್ಕೆ ಬಂದ್ರೆ ಅವರಿಗೆ ಮೆಟ್ಟಿಲು ಕಾಣಿಸಲ್ಲ,” ಎಂದರು. ನಾನೂ ನಕ್ಕೆ. ಫೋಟೊ ನೋಡಿದರೆ ಗೊತ್ತಾಗುತ್ತದೆ, ಅಷ್ಟು ಜನರಲ್ಲಿ ಬಾಯಿ ತುಂಬ ನಕ್ಕವಳು ನಾನೇ.

ಆ ಫೋಟೊವನ್ನು ನನ್ನ ತಾತನಿಗೆ, ಅಮ್ಮನ ಅಪ್ಪನಿಗೆ, ಕಳಿಸಿದೆ. ಎಂಬತ್ತೇಳು ವರ್ಷ, ಮಂಡಿ ನೋವು, ಮದುವೆಗೆ ಬರಲಾಗಿರಲಿಲ್ಲ. ನಿಮ್ಮ ಪುರಭವನದಲ್ಲೇ ದಫೇದಾರರಾಗಿದ್ದವರು ಅವರು. ಬೆಳ್ಳಿ ಹಿಡಿಯ ದಂಡ ಹೊತ್ತು ಮೇಯರ್ ಮುಂದೆ ನಡೆಯುವುದು, ಸಭೆಯಲ್ಲಿ ಮೇಯರ್ ಪಕ್ಕದಲ್ಲೇ ನಿಲ್ಲುವುದು, ಇಷ್ಟೇ ಅವರ ಕೆಲಸ. ನಿವೃತ್ತಿಯಾದ ಮೇಲೆ ಊರು ಬಿಟ್ಟು ಬಂದು ಅಮ್ಮನ ಜೊತೆ ಇದ್ದಾರೆ. ನಾನು ನಿಮ್ಮೂರಿನ ಹುಡುಗನನ್ನೇ ಮೆಚ್ಚಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರೂ ಅವರೇ. ಫೋಟೊ ನೋಡಿ ಕುಣಿದಾಡುತ್ತಾರೆಂದುಕೊಂಡಿದ್ದೆ. ಫೋನ್ ಬಂತು. ಒಂದೇ ಪ್ರಶ್ನೆ.

“ಪುಟ್ಟಿ, ಕೆಳಗೆ ನಿಂತಿರೋ ಆ ಹೆಂಗಸು ಯಾರು?”

“ನಮ್ಮವರ ಅಜ್ಜಿ, ತಾತ. ಯಾಕೆ?”

ಅಮ್ಮ ಫೋನ್ ಎತ್ತಿಕೊಂಡು, “ತಾತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು ಕಣೇ, ಏನಂದೆ ನೀನು?” ಎಂದು ನನ್ನನ್ನೇ ಬೈದಳು.

ಮರುದಿನವೇ ಹೊರಟು ಅಮ್ಮನ ಮನೆಗೆ ಬಂದೆವು, ನಾನು, ನನ್ನವರು. ನನ್ನವರು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ‘ಮೂಳೆ ಕಾಣುತ್ತೆ, ಹೆಂಡತಿ ಮನಸ್ಸೊಂದು ಕಾಣಲ್ಲ’ ಎನ್ನುವ ಜಾತಿ. ತಾತ ಅವರನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡದೆ, ಕಾಲಬೆರಳು ನೋಡುತ್ತ ಹೇಳಿದರು. ಹೇಳಿದ ಹಾಗೆಯೇ ಬರೆಯುತ್ತೇನೆ.

“ನಿಮ್ಮ ತಾತ ಗಾರೆ ಮೇಸ್ತ್ರಿ. ಮೇಸ್ತ್ರಿ ಒಬ್ರು ಗೆದ್ದು ಸದಸ್ಯರಾಗಿದ್ದು ಅದೇ ಮೊದಲು. ಆ ಸಭಾಂಗಣದ ಕಪ್ಪು ಬಿಳಿ ಚೌಕಳಿ ನೆಲ ಹಾಸಿದ್ದೂ ಅವರೇ. ಆಗ ಅಲ್ಲಿ ಕಟ್ಟೆ ಗಿಟ್ಟೆ ಏನೂ ಇರ್ಲಿಲ್ಲ. ಮೊದಲನೇ ಮೇಯರ್ ಇದ್ರಲ್ಲ, ಕಂಪೌಂಡರು, ಅವರು ಮಾಡಿದ್ದ ಕಟ್ಟುಪಾಡು ಅದು: ಎತ್ತರದಲ್ಲಿ ಕೂತವನಿಗೆ ಕಿವಿ ಕೇಳಿಸಲ್ಲ, ಮೇಯರೂ ನೆಲದ ಮೇಲೇ ಕೂರ್ಬೇಕು ಅಂತ. ಅವತ್ತು ಮೇಸ್ತ್ರಿ ಜೇಬಿಂದ ಹೊಸ ನೀರಿನ ಟ್ಯಾಂಕಿನ ಗಾರೆ ಚೂರು ತೆಗೆದು ಮೇಯರ್ ಮೇಜಿನ ಮೇಲಿಟ್ಟು, ಎರಡೇ ಬೆರಳಲ್ಲಿ ಪುಡಿ ಮಾಡಿದ್ರು. ‘ಸ್ವಾಮಿ, ನಿಮ್ಮ ಬಾಮೈದ ಕಟ್ಟಿರೋದು ಟ್ಯಾಂಕಲ್ಲ, ಬಿಸ್ಕತ್ತು. ನಾಳೆ ಜನದ ತಲೆ ಮೇಲೆ ಬೀಳುತ್ತೆ’ ಅಂದ್ರು. ಸಭೆಯೆಲ್ಲ ನಕ್ಕಿತು. ಆಗಿನ ಮೇಯರ್ ಒಬ್ರು ನಗ್ಲಿಲ್ಲ. ನನ್ನ ಕಡೆ ತಿರುಗ್ದೇನೇ ಕೈ ಚಾಚಿದ್ರು.”

ನಿಮ್ಮ ಸಂಚಿಕೆಯ ಹದಿನಾಲ್ಕನೆಯ ಪುಟ ತೆಗೆಯಿರಿ. ‘ಮೇಯರರು ಕೈ ಚಾಚಿದೊಡನೆ, ಕಾರಣ ಕೇಳದೆ, ದಫೇದಾರನು ದಂಡವನ್ನು ಅವರ ಕೈಗೆ ಒಪ್ಪಿಸುವುದು ನಮ್ಮ ಪೌರ ಶಿಸ್ತಿನ ಹೆಮ್ಮೆ.’ ಹೌದು, ಒಪ್ಪಿಸಿದರು. ನನ್ನ ತಾತನೇ ಒಪ್ಪಿಸಿದರು.

“ನೆತ್ತಿ ಮೇಲೆ ಬಿದ್ದ ಮೊದಲನೇ ಏಟಿಗೆ ಮೇಸ್ತ್ರಿ ಕೂತ್ರು. ಕೂತವರಿಗೆ ಎರಡನೇದು. ಕೈ ಅಡ್ಡ ಹಿಡಿದ್ರು, ಕೈ ಲಟ್ಟಂತ ಮುರೀತು. ಆಮೇಲೆ ದವಡೆ. ಆಮೇಲೆ ನಾನು ಕಣ್ಣು ಮುಚ್ಕೊಂಡೆ, ಸದ್ದು ಮಾತ್ರ ಕೇಳಿಸ್ತು, ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗೆ. ಬೋಲ್ಟ್ ಹಾಕಿದ್ದು ಕುರ್ಚಿಗೆ, ಜನಕ್ಕಲ್ಲ. ಇಪ್ಪತ್ತೆರಡು ಸದಸ್ಯರಲ್ಲಿ ಒಬ್ಬನೂ ಏಳ್ಲಿಲ್ಲ. ನಾನಂತೂ ನಿಂತೇ ಇದ್ದೆ. ಕೊನೆಗೆ ದಂಡ ವಾಪಸ್ ನನ್ನ ಕೈಗೆ ಕೊಟ್ಟು, ‘ಒರೆಸು’ ಅಂದ್ರು. ಒರೆಸಿದೆ.”

ನನ್ನವರು ಕೇಳಿದ್ದು ತಮ್ಮ ಕೆಲಸದ ಪ್ರಶ್ನೆಯನ್ನೇ. “ಜಾರಿ ಬಿದ್ದವನಿಗೆ ಒಂದು ಕಡೆ ಪೆಟ್ಟಾಗುತ್ತೆ. ನೆತ್ತಿ, ದವಡೆ, ಮುಂಗೈ, ಮೂರೂ ಒಟ್ಟಿಗೆ ಹೇಗೆ ಮುರಿಯುತ್ತೆ ಅಂತ ಆವತ್ತು ಒಬ್ಬ ಡಾಕ್ಟರೂ ಕೇಳ್ಲಿಲ್ವಾ?”

“ಕೇಳೋರಿಗೆ ಕಾಗದ ತೋರಿಸಿದ್ರು,” ಎಂದರು ತಾತ.

ಆ ಕಾಗದವೇ ನಿಮ್ಮ ಚರಿತ್ರೆಯ ಅತಿ ದೊಡ್ಡ ತಮಾಷೆ. ಆಗಿನ ಕಾರ್ಯದರ್ಶಿ ಬೇರೆ ಊರಿಂದ ವರ್ಗವಾಗಿ ಬಂದು ವಾರವಾಗಿತ್ತಷ್ಟೆ. ಹಿಂದಿನ ಊರಿನ ಸಭಾಂಗಣದಲ್ಲಿ ಮೇಯರ್ ಪೀಠಕ್ಕೆ ಮೆಟ್ಟಿಲುಗಳಿದ್ದವು. ನೆಲದಲ್ಲಿ ರಕ್ತ, ಪಕ್ಕದಲ್ಲಿ ಮೇಯರ್, ಕೈಯಲ್ಲಿ ಪೆನ್ನು; ಗಾಬರಿಯಲ್ಲಿ ಆತ ನಡಾವಳಿ ಪುಸ್ತಕದಲ್ಲಿ ಬರೆದುಬಿಟ್ಟ: ‘ಸದಸ್ಯರೊಬ್ಬರು ಪೀಠದ ಮೂರನೆಯ ಮೆಟ್ಟಿಲಿನಿಂದ ಜಾರಿ ಬಿದ್ದ ಪ್ರಯುಕ್ತ ಸಭೆಯನ್ನು ಹತ್ತು ನಿಮಿಷ ಮುಂದೂಡಲಾಯಿತು.’ ಬರೆದಾದ ಮೇಲೆ ತಲೆ ಎತ್ತಿ ನೋಡಿದರೆ ಮೆಟ್ಟಿಲೇ ಇಲ್ಲ! ನಡಾವಳಿಯಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಅದೂ ನಿಮ್ಮ ಘನ ಪರಂಪರೆ. ಮನುಷ್ಯನನ್ನು ಹೊಡೆದುಹಾಕಬಹುದು, ಸಾಲನ್ನು ಹೊಡೆದುಹಾಕಬಾರದು. ಸರಿ, ಮೇಯರರ ಬಾಮೈದನನ್ನೇ ಕರೆಸಿ ನಾಲ್ಕು ದಿನದಲ್ಲಿ ಕಟ್ಟೆ ಕಟ್ಟಿಸಿದರು, ಮೂರು ಮೆಟ್ಟಿಲು ಇಟ್ಟರು. ಐದನೆಯ ದಿನ ತನಿಖೆಯ ಅಧಿಕಾರಿ ಬಂದಾಗ ದಫೇದಾರ ಸಾಕ್ಷಿ ಹೇಳಿದ, ‘ಜಾರಿದ್ದನ್ನು ಕಣ್ಣಾರೆ ಕಂಡೆ’ ಎಂದು. ಸತ್ಯ, ಸಹನೆ, ಸೇವೆ!

ಅಜ್ಜಿಗೆ ಆಗ ಮೂವತ್ಮೂರು ವರ್ಷ, ಕಂಕುಳಲ್ಲಿ ನನ್ನ ಮಾವ. ನೆಲ ಹಾಸುವಾಗ ನಲವತ್ತು ದಿನ ಗಂಡನಿಗೆ ಮಧ್ಯಾಹ್ನದ ಊಟ ಹೊತ್ತು ತಂದವರು. ಅಲ್ಲಿ ಮೆಟ್ಟಿಲಿಲ್ಲವೆಂದು ಅವರಷ್ಟು ಬಲ್ಲವರು ಇನ್ನಾರು? ಅಧಿಕಾರಿಯ ತೋಳು ಹಿಡಿದು ಎಳೆದುಕೊಂಡೇ ಬಂದರು, “ಬನ್ನಿ, ತೋರಿಸ್ತೀನಿ, ಅದು ಸಪಾಟು ನೆಲ” ಎಂದು. ಬಂದು ನೋಡಿದರೆ ಮೂರು ಮೆಟ್ಟಿಲು.

“ಎದುರಿಗೇ ಇದೆಯಲ್ಲಮ್ಮ. ಹತ್ತಿ ನೋಡಿ,” ಎಂದರಂತೆ ಅವರು, ಬಹಳ ಮೆದುವಾಗಿ.

ಅಜ್ಜಿ ಹತ್ತಲಿಲ್ಲ, ಕಿರುಚಿದರು. ‘ಮೃತರ ಪತ್ನಿಗೆ ಬುದ್ಧಿಭ್ರಮಣೆ’ ಎಂದು ವರದಿಯಾಯಿತು. ಏಳು ತಿಂಗಳು ಹುಚ್ಚಾಸ್ಪತ್ರೆ. ಹಲ್ಲಿನ ನಡುವೆ ರಬ್ಬರ್ ಇಟ್ಟು, ಕೈಕಾಲು ಕಟ್ಟಿ, ತಲೆಗೆ ಕರೆಂಟು ಕೊಟ್ಟು, ಪ್ರತಿ ಸಲವೂ ಕೇಳುತ್ತಿದ್ದರಂತೆ: ಮೆಟ್ಟಿಲು ಇದೆಯೋ ಇಲ್ಲವೋ? ‘ಇದೆ’ ಎಂದ ದಿನ ಮನೆಗೆ ಬಿಟ್ಟರು. ನನ್ನ ಗಂಡನ ಮನೆಯಲ್ಲಿ ಅದು ಐವತ್ತು ವರ್ಷದಿಂದ ನಗೆಚಾಟಿಕೆ. ಯಾರಿಗಾದರೂ ಏನಾದರೂ ಮರೆತರೆ, ‘ಅಜ್ಜಿಯ ಮೆಟ್ಟಿಲಾಯಿತು ನಿನ್ನ ಕತೆ’ ಎನ್ನುತ್ತಾರೆ. ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನಾನೂ ಆ ಮಾತು ಕಲಿತಿದ್ದೆ.

ತಾತನ ಮೇಲೆ ಕೂಗಾಡಿದೆ. “ನನಗೆ ಸೈಕಲ್ ಕಲಿಸಿದ ಕೈ ಇದೇನಾ ತಾತ?” ಎಂದು ಕೇಳಿದೆ. ಅವರು ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡರು. ನನ್ನವರಂತೂ ಅಂಗಳಕ್ಕೆ ಹೋದವರು ಒಳಗೆ ಬರಲೇ ಇಲ್ಲ. ಮದುವೆಯಾಗಿ ಇಪ್ಪತ್ತೊಂದೇ ದಿನ. ಮುಗಿಯಿತು, ಈ ಮನುಷ್ಯ ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಅವರು ಕೊನೆಗೆ ಒಳಗೆ ಬಂದು ಅಜ್ಜಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ತಾತನ ಕೈಗೆ ಕೊಟ್ಟರು.

ತಾತ ಎಲ್ಲವನ್ನೂ ಹೇಳಿದರು. ಆ ಕಡೆಯಿಂದ ಅಜ್ಜಿಯ ದನಿ:

“ಹಾಗಾದ್ರೆ ನನಗೆ ತಲೆ ಕೆಟ್ಟಿರ್ಲಿಲ್ಲ ಅನ್ನಿ.”

“ಇಲ್ಲ ತಾಯಿ. ಕೆಟ್ಟಿರ್ಲಿಲ್ಲ.”

“ಇದನ್ನ ಹೇಳೋಕೆ ಐವತ್ತೊಂದು ವರ್ಷ ಬೇಕಾಯ್ತಾ? ಥೂ, ನಿಮ್ಮ ಬಾಯಿಗೆ ಬೆಂಕಿ ಹಾಕ.” ಬೈದ ಬೆನ್ನಿಗೇ, “ದಫೇದಾರ್ರೇ, ಇನ್ನೊಂದು ಮಾತು. ಮೇಯರ್ ಕುರ್ಚಿ ಮುಂದೆ ಎರಡು ಕರಿ ಕಲ್ಲು ಅಕ್ಕಪಕ್ಕ ಬಂದಿದ್ವು. ‘ಲೆಕ್ಕ ತಪ್ಪಿ ಹಾಸಿಬಿಟ್ಟೆ ಕಣೇ, ಯಾರಿಗೂ ಹೇಳ್ಬೇಡ’ ಅಂದಿದ್ರು ನಮ್ಮೋರು. ನೀವು ದಿನಾ ಅಲ್ಲೇ ನಿಲ್ತಿದ್ರಲ್ಲ, ನೋಡಿದ್ರಾ?”

“ನೋಡಿದ್ದೆ ತಾಯಿ. ಅದರ ಮೇಲೇ ಬಿದ್ರು ಅವರು.”

ಸಾಹೇಬರೇ, ನನ್ನ ಬೇಡಿಕೆ ಈಗ ನಿಮಗೆ ಹೊಳೆದಿರಬೇಕು. ಶೋಕಸಂದೇಶ ಬೇಡ, ತನಿಖಾ ಸಮಿತಿ ಬೇಡ, ಎರಡು ನಿಮಿಷದ ಮೌನವಂತೂ ಬೇಡವೇ ಬೇಡ. ಮೌನ ನಮ್ಮಲ್ಲಿ ಐವತ್ತೊಂದು ವರ್ಷದ್ದು ದಾಸ್ತಾನಿದೆ. ಪ್ರತಿಮೆ ನಿಲ್ಲಿಸುವ ಮೊದಲು ಆ ಕಟ್ಟೆಯನ್ನು ಒಡೆಯಿರಿ. ಊರಿನವರ ಎದುರಿಗೆ, ಮೂವತ್ತೊಂದು ಫೋಟೊಗಳ ಎದುರಿಗೆ ಒಡೆಯಿರಿ. ಕೆಳಗೆ ಚೌಕಳಿ ನೆಲ ಇಲ್ಲದಿದ್ದರೆ, ಎರಡು ಕರಿ ಕಲ್ಲು ಅಕ್ಕಪಕ್ಕ ಇಲ್ಲದಿದ್ದರೆ, ನಾನೇ ಮಂಡಿಯೂರಿ ಕ್ಷಮೆ ಕೇಳಿ, ಮೆಟ್ಟಿಲನ್ನು ಮತ್ತೆ ಕಟ್ಟಿಕೊಡುತ್ತೇನೆ. ಇದ್ದರೆ, ನಡಾವಳಿ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ‘ಮೇಸ್ತ್ರಿಯ ಹೆಂಡತಿ ಹೇಳಿದ್ದು ನಿಜ.’ ಆಮೇಲೆ ನೀವೂ ಕೆಳಗಿಳಿದು, ಮೊದಲನೆಯ ಮೇಯರ್ ಕೂರುತ್ತಿದ್ದ ಹಾಗೆ ನೆಲದ ಮೇಲೆ ಕುರ್ಚಿ ಹಾಕಿಕೊಂಡು ಕೂರಿ.

ನೀವು ಒಡೆಯದಿದ್ದರೆ ನಾವು ಒಡೆಯುತ್ತೇವೆ. ಮೇಸ್ತ್ರಿಯ ಸುತ್ತಿಗೆ, ಉಳಿ ಇನ್ನೂ ಅಜ್ಜಿಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಈಗಾಗಲೇ ಎಣ್ಣೆ ಹಚ್ಚಿ ಒರೆಸಿಟ್ಟಿದ್ದಾರಂತೆ. ಪೊಲೀಸರನ್ನು ನಿಲ್ಲಿಸಬೇಕೆಂದರೆ ನಿಲ್ಲಿಸಿ. ಎಂಬತ್ನಾಲ್ಕರ ಮುದುಕಿಯ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳುವ ಫೋಟೊ ನಿಮ್ಮ ಮುಂದಿನ ಸಂಚಿಕೆಗೆ ಆಗುತ್ತದೆ. ಹೇಗೂ ಕಟ್ಟಿದವನು ಅದೇ ಬಾಮೈದ. ಬಿಸ್ಕತ್ತೇ ಇರಬೇಕು, ಹೆಚ್ಚು ಹೊತ್ತು ಹಿಡಿಯಲಿಕ್ಕಿಲ್ಲ.

ಮೊದಲನೆಯ ಏಟು ಅಜ್ಜಿಯದು. ಎರಡನೆಯದು ತಾತನದು; ಅಜ್ಜಿಯೇ ಒಪ್ಪಿದ್ದಾರೆ, “ಈ ಸಲ ಅವರ ಕೈಗೆ ನಾನು ಕೊಡ್ತೀನಿ” ಎಂದಿದ್ದಾರೆ. ತಾತನ ಮಂಡಿಗೆ ಪಟ್ಟಿ ಕಟ್ಟಿದ್ದೇವೆ, ನನ್ನವರು ಟಿಕೆಟ್ ತೆಗೆದಿದ್ದಾರೆ. ಅಂಗಳದಿಂದ ಒಳಗೆ ಬಂದ ದಿನದಿಂದ ಅವರು ನನ್ನ ಕೈ ಬಿಟ್ಟಿಲ್ಲ, ಅದನ್ನೂ ನಿಮಗೆ ಹೇಳದೆ ಇರಲಾರೆ. ಮಂಗಳವಾರ, ಬೆಳಿಗ್ಗೆ ಆರೂ ನಲವತ್ತರ ಪ್ಯಾಸೆಂಜರಿಗೆ ಬಂದು ಇಳಿಯುತ್ತೇವೆ.

ಇಂತಿ,
ಎರಡನೆಯ ಮೆಟ್ಟಿಲ ಮೇಲೆ ನಿಂತು ಬಾಯಿ ತುಂಬ ನಕ್ಕವಳು,
ದಂಡ ಕೊಟ್ಟವರ ಮೊಮ್ಮಗಳು, ಏಟು ತಿಂದವರ ಮನೆಯ ಸೊಸೆ