ಕಾರ್ಡಿನಲ್ಲಿ ಇಲ್ಲದ ಸಾಲು

ಮಾರ್ಚ್ ೧೪, ಮಂಗಳವಾರ

ಆ ಕಾರ್ಡು ಇನ್ನೂ ತಲೆಯಿಂದ ಇಳಿದಿಲ್ಲ. ವಿಮಾನ, ಡೇರೆ, ಔಷಧಿ ಎಲ್ಲದಕ್ಕೂ ಸಹಿ ಬಿದ್ದಿದೆ. ನನ್ನ ಪಾಲಿಗೆ ಉಳಿದದ್ದು ಶಾಂತಿ ಕಾಯಲು ಹೊರಟ ಸೈನಿಕರ ಜೇಬಿಗೊಂದು ಕಾರ್ಡು, ಅವರು ಹೋಗುವ ದೇಶದ ಭಾಷೆಯಲ್ಲಿ ಇಪ್ಪತ್ತು ವಾಕ್ಯ. ನಿಲ್ಲಿ. ಕೈ ತೋರಿಸಿ. ಸಾಲಿನಲ್ಲಿ ಬನ್ನಿ. ಊಟ ತಂದಿದ್ದೇವೆ.

ನಮ್ಮಲ್ಲಿ ಆ ಭಾಷೆ ಬಲ್ಲವರು ಒಬ್ಬರೇ. ಅಲ್ಲಿಂದ ಜೀವ ಉಳಿಸಿಕೊಂಡು ಬಂದು, ಈಗ ನಮ್ಮ ಸಮವಸ್ತ್ರ ಇಸ್ತ್ರಿ ಮಾಡುವ ಅಕ್ಕ. ಮಧ್ಯಾಹ್ನ ಆಫೀಸಿಗೆ ಕರೆಸಿದೆ. ಕುರ್ಚಿಯ ತುದಿಯಲ್ಲಿ ಕೂತು ಇಪ್ಪತ್ತನ್ನೂ ಬರೆದುಕೊಟ್ಟರು. ಆಮೇಲೆ ಕಾರ್ಡು ತಿರುಗಿಸಿ ಹಿಂಬದಿ ನೋಡಿದರು.

"ಇದೆಲ್ಲ ನೀವು ಹೇಳೋದು ಸರ್. ಅವರು ಕೇಳೋದಕ್ಕೆ ಉತ್ತರ ಎಲ್ಲಿ?"

"ಏನು ಕೇಳ್ತಾರೆ?"

"ಯಾವಾಗ ಹೋಗ್ತೀರ ಅಂತ. ಹೋದ ಸಲ ನಮ್ಮನ್ನ ಕಾಯೋಕೆ ಬಂದಿದ್ದ ಸೈನಿಕರು ಹೇಳದೆ ಹೋದ್ರು. ಬೆಳಗ್ಗೆ ನೀರಿಗೆ ಕೊಡ ಹಿಡ್ಕೊಂಡು ಹೋದ್ರೆ ಅವರ ಕ್ಯಾಂಪಿನ ಗೇಟು ಹಾರು ಹೊಡೆದಿತ್ತು, ಒಳಗೆ ಯಾರೂ ಇಲ್ಲ. ಒಂದಿನ ಮುಂಚೆ ಹೇಳ್ತೀವಿ ಅಂತ ಬರೀರಿ. ಕೊಲ್ಲೋರು ಬರೋದ್ರೊಳಗೆ ಓಡೋಕೆ ಒಂದಿನ ಸಾಕು. ನಿಮ್ಮ ಸಾಹೇಬ್ರನ್ನ ಕೇಳಿ, ಏನಂದ್ರು ಅಂತ ಹೇಳಿ, ಇಸ್ತ್ರಿ ಕೋಣೇಲೇ ಇರ್ತೀನಿ."

ಸಾಹೇಬರನ್ನು ಕೇಳಿದೆ. "ವಾಪಸು ಬರೋ ದಿನ ಗುಟ್ಟು ಕಣಯ್ಯ. ನನಗೇ ಹೇಳಿಲ್ಲ," ಅಂದರು. ಅವರನ್ನು ಬೈಯುವ ಹಾಗೂ ಇಲ್ಲ. ಹೇಳಿ ಹೊರಟರೆ ಆ ಕೊಲ್ಲುವವರೇ ದಾರಿಯಲ್ಲಿ ಹೊಂಚು ಹಾಕುತ್ತಾರೆ, ಸಾಯುವವರು ನಮ್ಮವರು. ಹೇಳದೆ ಹೊರಟರೆ ಅಲ್ಲಿನ ಜನ. ಅತ್ತ ದರಿ, ಇತ್ತ ಪುಲಿ. ನನ್ನ ಇಪ್ಪತ್ತು ವಾಕ್ಯ ಊಟಕ್ಕಿಲ್ಲದ ಉಪ್ಪಿನಕಾಯಿ.

ಸಂಜೆ ಕೆಲಸ ಮುಗಿದರೂ ಇಸ್ತ್ರಿ ಕೋಣೆಯಲ್ಲಿ ದೀಪವಿತ್ತು. ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು.

ನಾನು ಹಿಂದಿನ ಗೇಟಿನಿಂದ, ಹೇಳದೆ, ಬಂದುಬಿಟ್ಟೆ.